ತಿಥಿಯ ಮುಕ್ಕಾಲು

ಡೊಂಬಿವಲಿಯಲ್ಲಿ ಕಡಲಿದೆ ಎಂದರೆ ಮೊದಲು ನಗುವವರು ಡೊಂಬಿವಲಿಯವರೇ. ಈ ಊರಲ್ಲಿ ಇರುವುದು ಒಂದು ರೈಲ್ವೆ ಸ್ಟೇಷನ್ನು. ಮಿಕ್ಕಿದ್ದೆಲ್ಲ ಆ ಸ್ಟೇಷನ್ನಿಗೆ ಹೋಗುವ ದಾರಿ. ಈಸ್ಟ್ ಅಂದರೆ ಈ ಬದಿಯಿಂದ ಹೋಗುವ ದಾರಿ, ವೆಸ್ಟ್ ಅಂದರೆ ಆ ಬದಿಯಿಂದ ಹೋಗುವ ದಾರಿ. ಹೀಗಿರುವಾಗ ಕಡಲು ಎಲ್ಲಿಂದ ಬರಬೇಕು ಹೇಳಿ? ಆದರೆ ಬರುತ್ತದೆ ಸ್ವಾಮಿ. ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ. ವೆಸ್ಟಿನಲ್ಲಿ ರೇತಿ ಬಂದರಿನ ತನಕ ನಡೆದು ಹೋಗಿ ಹೊತ್ತು ನೋಡಿ ನಿಂತರೆ ಉಲ್ಹಾಸ್ ನದಿಯ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಕಾಣುತ್ತದೆ. ಪಾಪ, ನದಿ ಕರ್ಜತ್ ಮೇಲಿನ ಬೆಟ್ಟದಿಂದ ಇಳಿದು ತನ್ನ ಪಾಡಿಗೆ ತಾನು ಹೊರಟಿರುತ್ತದೆ. ಅಷ್ಟರಲ್ಲಿ ವಸಾಯಿ ಕಡೆಯಿಂದ ಅರಬ್ಬಿ ಸಮುದ್ರ ಎದುರು ನುಗ್ಗುತ್ತದೆ. ಠಾಣೆ ಸ್ಟೇಷನ್ನಿನಲ್ಲಿ ಸಂಜೆ ಆರೂವರೆಗೆ ಇಳಿಯುವವರಿಗೂ ಹತ್ತುವವರಿಗೂ ಡಬ್ಬಿಯ ಬಾಗಿಲಲ್ಲಿ ಏನು ನಡೆಯುತ್ತದೋ ಅದೇ ಇಲ್ಲೂ ನಡೆಯುತ್ತದೆ, ಬೈಗುಳ ಒಂದು ಬಿಟ್ಟು.

ಕಡಲು ಹೀಗೆ ಒಳನುಗ್ಗುವ ನೀರಿಗೆ ಇಲ್ಲಿಯವರು ಖಾಡಿ ಎನ್ನುತ್ತಾರೆ. ಅದನ್ನು ನೋಡಲು ರೇತಿ ಬಂದರಿನ ತನಕವೂ ಹೋಗಬೇಕಾಗಿಲ್ಲ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದರೆ ದಿವಾ ಕಳೆದು ಮುಂಬ್ರಾದ ಹತ್ತಿರ ಒಂದು ಕಡೆ ಪಾರ್ಸಿಕ್ ಬೆಟ್ಟ, ಇನ್ನೊಂದು ಕಡೆ ಅಗಲವಾದ ನೀರು. ಎಷ್ಟು ಜನ ನೋಡುತ್ತಾರೆ? ಕಿಟಕಿ ಪಕ್ಕದವನು ನಿದ್ದೆಯಲ್ಲಿ, ನಡುವಿನವನು ಫೋನಿನಲ್ಲಿ, ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತವನು ಸಮತೋಲದಲ್ಲಿ. ಬಾಗಿಲಲ್ಲಿ ನೇತಾಡುವವನಿಗೆ ಮಾತ್ರ ನೋಟ ಧಾರಾಳ, ಆದರೆ ಅವನಿಗೆ ಪುರಸತ್ತಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಸುಮಾರು 34 ಕಿಲೋಮೀಟರ್ ಓಡಿ ಬಂದು ಠಾಣೆಯಲ್ಲಿ ನಿಂತಿತು ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಠಾಣೆಯಲ್ಲೇ ಯಾಕೆ ನಿಂತಿತು ಎಂದು ಯಾವ ಮಗುವೂ ಕೇಳುವುದಿಲ್ಲ. ಮುಂದೆ ಖಾಡಿ ಇತ್ತು, ಅದಕ್ಕೆ! ಅದರ ಮೇಲೆ ಸೇತುವೆ ಕಟ್ಟಿಕೊಂಡು ಕಲ್ಯಾಣ ಮುಟ್ಟಲು ಮತ್ತೊಂದು ವರ್ಷ ಬೇಕಾಯಿತು. ರೈಲಿನವರು ಮೊದಲು ತಲೆಬಾಗಿದ್ದು ಕಂಪನಿ ಸರಕಾರಕ್ಕಲ್ಲ, ಈ ಕೆಸರಿಗೆ.

ಈ ನೀರಿನ ವಂಶಾವಳಿ ಸ್ವಲ್ಪ ತೊಡಕಿನದು. ಮುಂಬಯಿ ಬಂದರಿನಿಂದ ಉತ್ತರಕ್ಕೆ ಸುಮಾರು 26 ಕಿಲೋಮೀಟರ್ ಒಳಗೆ ಚಾಚಿಕೊಂಡು ಬಂದದ್ದು ಠಾಣೆ ಖಾಡಿ. ಅದರ ಒಂದು ದಡದಲ್ಲಿ ಭಾಂಡುಪ್, ಮುಲುಂಡ್. ಇನ್ನೊಂದು ದಡದಲ್ಲಿ ವಾಶಿ, ಘನ್ಸೋಲಿ, ಐರೋಲಿ. ಮೇಲೆ ಬರಬರುತ್ತ ಬಡವಾಗಿ, ಕಳವಾ ಬಳಿ ಒಂದು ಸಣ್ಣ ಕಾಲುವೆಯಾಗಿ, ಆ ಕಡೆಯಿಂದ ಬರುವ ಉಲ್ಹಾಸ್ ಖಾಡಿಗೆ ಕೈ ಕೊಡುತ್ತದೆ. ಹಾಗಾಗಿ ಠಾಣೆ ಪೇಟೆಯವರು, ಬೋರಿವಲಿಯವರು, ಅಂಧೇರಿಯವರು ಎಲ್ಲರೂ ದ್ವೀಪವಾಸಿಗಳು. ನೀರಿನಿಂದ ಸುತ್ತುವರಿದ ಭೂಮಿಗೆ ದ್ವೀಪವೆನ್ನುತ್ತಾರೆ ಎಂದು ಓದಿದವರು ತಾವೇ ದ್ವೀಪದಲ್ಲಿದ್ದೇವೆ ಎಂದು ತಿಳಿಯದೆ ಅಂಡಮಾನಿಗೆ ಟಿಕೆಟ್ ತೆಗೆಯುತ್ತಾರೆ. ನಾವು ಡೊಂಬಿವಲಿಯವರು ಮಾತ್ರ ಅಪ್ಪಟ ಭಾರತಖಂಡದವರು. ಇದೊಂದು ವಿಷಯದಲ್ಲಿ ಠಾಣೆಯವರ ಮುಂದೆ ನಾನು ಎದೆಯೆತ್ತಿ ಮಾತಾಡುತ್ತೇನೆ. ಬೇರೆ ಯಾವ ವಿಷಯದಲ್ಲೂ ಅವರು ಬಿಡುವುದಿಲ್ಲ.

ನಾನು ಹಾವೇರಿ ಕಡೆಯವನು. ನಮ್ಮ ಊರ ಕೆರೆಯಲ್ಲಿ ನೀರು ಹೆಚ್ಚಾದರೆ ಮಳೆ, ಕಡಿಮೆಯಾದರೆ ಬೇಸಿಗೆ. ಒಂದೇ ದಿನದಲ್ಲಿ ಎರಡೂ ಆಗುವ ನೀರಿನ ಬಗ್ಗೆ ಅಲ್ಲಿ ನನಗೆ ಹೇಳಿಕೊಟ್ಟವರಿಲ್ಲ. ಹೇಳಿಕೊಟ್ಟದ್ದು ಐರೋಲಿ ಕಡೆಯ ಒಬ್ಬ ಮೀನುಗಾರ, ಕೋಲಿ ಮುದುಕ. ಅವನ ಲೆಕ್ಕ ಕೇಳಿದರೆ ಗಣಿತದ ಮೇಷ್ಟರೂ ತಲೆದೂಗಬೇಕು: ಅವತ್ತಿನ ತಿಥಿ ಎಷ್ಟೋ ಅದರ ಮುಕ್ಕಾಲು ಪಾಲು ಮಾಡು, ಅಷ್ಟು ಗಂಟೆಗೆ ಖಾಡಿ ತುಂಬುತ್ತದೆ. ಚೌತಿಯೋ? ನಾಲ್ಕರ ಮುಕ್ಕಾಲು ಮೂರು. ಮೂರು ಗಂಟೆಗೆ ಉಬ್ಬರದ ತುದಿ. ಅಷ್ಟಮಿಯೋ? ಆರು ಗಂಟೆ. ಹುಣ್ಣಿಮೆ, ಅಮಾವಾಸ್ಯೆಗೆ ಹನ್ನೊಂದು ಕಾಲು, ಹೆಚ್ಚು ಕಡಿಮೆ ನಡು ಮಧ್ಯಾಹ್ನ. ಖಾಡಿಯ ಮೇಲ್ಗಡೆ ಇದ್ದರೆ ಇನ್ನೊಂದಿಷ್ಟು ತಡ ಹಿಡಿ. ಚಂದ್ರ ದಿನಾ ಮುಕ್ಕಾಲು ಗಂಟೆಯಷ್ಟು ತಡವಾಗಿ ಹುಟ್ಟುವುದರಿಂದ ನೀರೂ ಅಷ್ಟೇ ತಡ, ವಿಜ್ಞಾನ ಇಷ್ಟೆ. ಆದರೆ ಕಾಲೇಜಿನಲ್ಲಿ ನಾಲ್ಕು ಪುಟ ಓದಿಯೂ ನನಗೆ ಬಾರದ್ದು, ಬೀಡಿ ಹಚ್ಚುವಷ್ಟರಲ್ಲಿ ಬಂತು. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೆ ಕೋಲಿಗಳು ಉಧಾಣ ಎನ್ನುತ್ತಾರೆ, ಅಷ್ಟಮಿಯ ಹೊತ್ತಿನ ಸೋತ ನೀರಿಗೆ ಭಾಂಗ ಎನ್ನುತ್ತಾರೆ. ನಾವು ಪಂಚಾಂಗ ನೋಡುವುದು ಮದುವೆ ಮುಂಜಿಗೆ ಎಂದುಕೊಂಡಿದ್ದೆವಲ್ಲ, ಬಲೆ ಬಿಡುವುದಕ್ಕೂ ಅದೇ ಪಂಚಾಂಗ. ಮುಂಬಯಿಯ ಪೇಟೆಯವರಿಗೆ ಈ ಲೆಕ್ಕ ನೆನಪಾಗುವುದು ಮಳೆಗಾಲದಲ್ಲಿ ಮಾತ್ರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಹೊಯ್ದು, ಅದೇ ಹೊತ್ತಿಗೆ ಕಡಲೂ ಏರಿ, ನೀರಿಗೆ ಹೋಗಲು ದಾರಿಯಿಲ್ಲದೆ ಊರಿಗೆ ಊರೇ ಕುತ್ತಿಗೆಮಟ್ಟ ನಿಂತ ಮೇಲೆ, ಪತ್ರಿಕೆಗಳಲ್ಲಿ ಉಬ್ಬರದ ಹೊತ್ತನ್ನು ಹುಡುಕಿ ಓದುವ ಅಭ್ಯಾಸ ಎಲ್ಲರಿಗೂ ಬಂತು.

ಇಲ್ಲಿ ನಮ್ಮ ಭಾವನವರು ಪ್ರವೇಶ ಮಾಡುತ್ತಾರೆ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಕುಂದಾಪುರದ ಪಕ್ಕದ ಗಂಗೊಳ್ಳಿಯವರು. ಬೋಟು ಇಟ್ಟುಕೊಂಡಿದ್ದವರು, ಈಗ ಅದನ್ನು ಮಗನಿಗೆ ಒಪ್ಪಿಸಿ ನೆಂಟರ ಮನೆಗಳ ಯಾತ್ರೆ ಹಿಡಿದಿದ್ದಾರೆ. ಕಡಲಿನವರು ಮುಂಬಯಿಗೆ ಬರುವುದು ಹೊಸತೇನಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದೇ 1902ರಲ್ಲಿ. ಗೇಟ್‌ವೇ ಆಫ್ ಇಂಡಿಯಾ ಇನ್ನೂ ಎದ್ದಿರಲಿಲ್ಲ. ಭಾವ ಬಂದದ್ದು ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಓದುವ ನಮ್ಮ ಸೋದರಸೊಸೆಯ ಯಾವುದೋ ಕಾರ್ಯಕ್ರಮಕ್ಕೆ. ಅದು ಮುಗಿದ ಮೇಲೆ ಉಳಿದದ್ದು ಮೀನು ತಿನ್ನಲಿಕ್ಕೆ. ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಮಾಲಿನಲ್ಲಿ ಎಸಿ ತಗಲಿದರೆ ಅವರಿಗೆ ಶೀತ. ಸಿನಿಮಾಕ್ಕೆ ಹೋದರೆ ನಿದ್ದೆ. ಸರಿ, ನೀರಿನವರಿಗೆ ನೀರೇ ತೋರಿಸೋಣ ಎಂದು ಮೊದಲು ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗೆ ನಿಲ್ಲಿಸಿದೆ.

ಕಲ್ಯಾಣವೆಂದರೆ ನಮ್ಮ ಕಡೆಯವರಿಗೆ ಬಸವಣ್ಣನ ಕಲ್ಯಾಣ ನೆನಪಾಗುತ್ತದೆ. ಇದು ಆ ಕಲ್ಯಾಣ ಅಲ್ಲ, ಇದು ಬಂದರಿನ ಕಲ್ಯಾಣ. ಎಷ್ಟು ಹಳೆಯ ಬಂದರೆಂದರೆ, ಕ್ರಿಸ್ತಶಕ ಮೊದಲನೆಯ ಶತಮಾನದ ಒಬ್ಬ ಗ್ರೀಕ್ ನಾವಿಕ ಬರೆದಿಟ್ಟ 'ಪೆರಿಪ್ಲಸ್' ಎಂಬ ಕಡಲದಾರಿಯ ಕೈಪಿಡಿಯಲ್ಲಿ ಇದರ ಹೆಸರಿದೆ, ಜೊತೆಗೆ ಒಂದು ದೂರೂ ಇದೆ. ಹಿಂದಿನ ಅರಸನ ಕಾಲದಲ್ಲಿ ಇಲ್ಲಿ ವ್ಯಾಪಾರ ಚೆನ್ನಾಗಿತ್ತು, ಈಗಿನವನು ಬಂದ ಮೇಲೆ ತೊಂದರೆ, ದಾರಿ ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚ್‌ಗೆ ಅಟ್ಟುತ್ತಾರೆ ಎಂದು. ಎರಡು ಸಾವಿರ ವರ್ಷಗಳ ಹಿಂದೆಯೂ ವ್ಯಾಪಾರಿಗಳಿಗೆ ಹಿಂದಿನ ಸರಕಾರವೇ ಒಳ್ಳೆಯದಿತ್ತು! ಆರನೆಯ ಶತಮಾನದ ಕಾಸ್ಮಾಸ್ ಎಂಬವನೂ ಈ ಬಂದರನ್ನು ಹೆಸರಿಸುತ್ತಾನೆ. ಆಮೇಲೆ ನಮ್ಮವರ ಸರದಿ. ಠಾಣೆಯಿಂದ ಆಳಿದ ಉತ್ತರ ಕೊಂಕಣದ ಶಿಲಾಹಾರರು ಶುರುವಿನಲ್ಲಿ ರಾಷ್ಟ್ರಕೂಟರ ಸಾಮಂತರು. ಬೋರಿವಲಿ ಕಾಡಿನ ಕಾನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ. ಅವುಗಳಲ್ಲಿ ಮೇಲಿನ ಹೆಸರು ಅಮೋಘವರ್ಷನದು, ಅವನ ಕೆಳಗೆ ಶಿಲಾಹಾರರ ಕಪರ್ದಿಯದು. ಮಳಖೇಡದಲ್ಲಿ ಕೂತು 'ಕವಿರಾಜಮಾರ್ಗ'ಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ ನೃಪತುಂಗನ ಕೈಕೆಳಗೆ ಈ ಖಾಡಿಯೂ ಇತ್ತು ಎಂದು ನೆನೆದುಕೊಂಡರೆ ಠಾಣೆ ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲೂ ಕನ್ನಡಿಗನಿಗೆ ಒಂದಿಷ್ಟು ಧೈರ್ಯ ಬರುತ್ತದೆ. ಜಾಗ ಮಾತ್ರ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದೆನಲ್ಲ, ಭಾವನಿಗೆ ಇದರಲ್ಲಿ ಯಾವುದೂ ನಾಟಲಿಲ್ಲ. ನಾಟಿದ್ದು ಶಿವಾಜಿಯ ಮಾತು. 1657ರ ಸುಮಾರಿಗೆ ಕಲ್ಯಾಣವನ್ನು ಹಿಡಿದ ಶಿವಾಜಿ ಮಹಾರಾಜರು ತಮ್ಮ ಹಡಗು ಕಟ್ಟುವ ಕೆಲಸಕ್ಕೆ ಕೈಹಚ್ಚಿದ್ದು ಇಲ್ಲೇ ಎಂದೆ. ಭಾವ ಕಣ್ಣು ಕಿರಿದು ಮಾಡಿದರು. "ಹ್ವಾಯ್ ಭಾವ, ನಮ್ ಬಸ್ರೂರಿಗ್ ಬಂದ್ ದೋಚ್ಕಂಡ್ ಹೋದ್ ಹಡಗ್ ಇಲ್ಲಿದೇ ಅಂಬ್ರ್ಯಾ?" ಬಸರೂರು ಗಂಗೊಳ್ಳಿಯಿಂದ ಎಷ್ಟು ದೂರ? ಹೊಳೆಯ ಒಂದು ತಿರುವಿನ ಆಚೆ. 1665ರ ಫೆಬ್ರವರಿಯಲ್ಲಿ ಮಾಲ್ವಣದಿಂದ ಹಡಗುಗಳ ದಂಡು ಕಟ್ಟಿಕೊಂಡು ಬಂದು ಶಿವಾಜಿ ಬಸರೂರನ್ನು ದೋಚಿದ್ದು, ಹಿಂತಿರುಗುವಾಗ ಗೋಕರ್ಣದಲ್ಲಿ ಇಳಿದು ಸ್ನಾನ ಮಾಡಿದ್ದು ಇತಿಹಾಸದಲ್ಲಿದೆ. ಆ ಹಡಗುಗಳಲ್ಲಿ ಯಾವುದು ಕಲ್ಯಾಣದ್ದು, ಯಾವುದು ಮಾಲ್ವಣದ್ದು ಎಂದು ಈಗ ಕೇಳುವುದು ಯಾರನ್ನು? ಆದರೆ ಭಾವ ಆ ಕ್ಷಣದಿಂದ ದುರ್ಗಾಡಿಯನ್ನು ಸಾಲಗಾರನ ಮನೆಯ ಅಂಗಳ ಎಂದೇ ತಿಳಿದು ಅಲ್ಲಿ ಕುಡಿದ ಚಹದ ದುಡ್ಡು ಕೊಡಲಿಲ್ಲ. ನಾನು ಕೊಟ್ಟೆ.

ಭಾನುವಾರ ಐರೋಲಿಗೆ ಹೊರಟೆವು. ಬೆಳಿಗ್ಗೆ ಮೊದಲ ಮಾತೇ, "ಇವತ್ ತಿಥಿ ಎಂತದ್?" ಗೋಡೆಯ ಕ್ಯಾಲೆಂಡರ್ ನೋಡಿದರೆ ಕೃಷ್ಣಪಕ್ಷದ ಚೌತಿ, ಅಂದರೆ ಸಂಕಷ್ಟಿ. ಭಾವ ಬೆರಳು ಮಡಚಿ ಮೂರು ಗಂಟೆಯ ನೀರು ಎಂದರು. ಅವರ ಊರಿನ ಹೊತ್ತಿಗೂ ಇಲ್ಲಿಯ ಹೊತ್ತಿಗೂ ತುಸು ಆಚೀಚೆ ಇದ್ದರೂ ಲೆಕ್ಕದ ಹದ ಒಂದೇ. ನನ್ನ ಹೆಂಡತಿ ಹೇಳಿದ್ದು ಬೇರೆ: "ಅಣ್ಣಯ್ಯ, ಇವತ್ತು ಮನೆಯಲ್ಲಿ ಮೀನು ಇಲ್ಲ." ಗಂಗೊಳ್ಳಿಯ ಹುಡುಗಿ ಡೊಂಬಿವಲಿಗೆ ಬಂದು ನೆರೆಮನೆಯವರನ್ನು ನೋಡಿ ಸಂಕಷ್ಟಿ ಹಿಡಿದಿದ್ದಾಳೆ. ರಾತ್ರಿ ಚಂದ್ರ ಕಾಣುವ ತನಕ ಉಪವಾಸ, ಕಂಡ ಮೇಲೂ ಮೋದಕ. ಭಾನುವಾರವೇ ಸಂಕಷ್ಟಿ ಬಂದರೆ ಈ ಕಡೆಯ ಮೀನಿನ ಪೇಟೆಗೆ ಎಂಥ ಸೂತಕ ಗೊತ್ತೇ? ವಾರವಿಡೀ ಕಾಯ್ದ ಗಿರಾಕಿಗಳು ಸಾಬೂದಾಣಾ ಖಿಚಡಿ ತಿಂದು ಮಲಗುತ್ತಾರೆ. ಭಾವ ಮಾತಾಡಲಿಲ್ಲ, ಆದರೆ ಹೋಗುವಾಗ ಮೂಲೆಯಲ್ಲಿದ್ದ ಮುಚ್ಚಳದ ಡಬ್ಬವೊಂದನ್ನು ಚೀಲಕ್ಕೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿದರೆ ಐರೋಲಿ ದೂರವೇನಿಲ್ಲ. ಈ ದಾರಿಗೆ ಪ್ರಯಾಣಿಕರ ರೈಲು ಬಂದದ್ದೇ 2004ರಲ್ಲಿ. ಅದಕ್ಕೂ ಹಿಂದೆ ಹೋದರೆ, 1973ರಲ್ಲಿ ವಾಶಿಯ ಮೊದಲ ಸೇತುವೆ ಆಗುವ ತನಕ ಈ ದಡದವರಿಗೆ ಎದುರಿನ ಮುಂಬಯಿಗೆ ನೆಟ್ಟಗಿನ ದಾರಿ ಎಂದರೆ ದೋಣಿ. ಈಗ ನವಿ ಮುಂಬಯಿ ಎನ್ನುವುದು ಆಗ ಆಗ್ರಿ, ಕೋಲಿ ಜನರ ಹಳ್ಳಿಗಳ ಸಾಲು: ಆಗ್ರಿಗಳು ಉಪ್ಪಿನ ಗದ್ದೆ, ಭತ್ತದ ಗದ್ದೆಯವರು, ಕೋಲಿಗಳು ನೀರಿನವರು. 1970ರಲ್ಲಿ ಸಿಡ್ಕೋ ಎಂಬ ಸರಕಾರಿ ಕಂಪನಿ ಹುಟ್ಟಿ ಹೊಸ ಪೇಟೆಯ ನಕ್ಷೆ ಬಿಡಿಸಿತು. ಭೂಮಿ ಕೊಟ್ಟವರು ಬೆಲೆ ಸಾಲದೆಂದು ಮುಖಂಡ ದಿ. ಬಾ. ಪಾಟೀಲರ ಹಿಂದೆ ನಿಂತು ಹೋರಾಡಿದರು. 1984ರ ಜನವರಿಯಲ್ಲಿ ಜಾಸಯಿ ಸುತ್ತಮುತ್ತ ಗೋಲಿಬಾರಾಗಿ ಐವರು ಸತ್ತರು. ಆಮೇಲೆ ಬಂದದ್ದು, ಕೊಟ್ಟ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ತಿರುಗಿ ಕೊಡುವ ಯೋಜನೆ. ಸರಿಯೇ. ಆದರೆ ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ಹೊಲಕ್ಕೆ ಹೆಸರುಂಟು, ದಿನಕ್ಕೆರಡು ಸಲ ಮುಳುಗುವ ಕೆಸರಿಗೆ ಯಾರ ಹೆಸರು? ಅಜ್ಜ ಕಂಬ ನೆಟ್ಟು ಬಲೆ ಕಟ್ಟಿದ ಜಾಗ ಎಂದರೆ ಯಾವ ತಹಶೀಲ್ದಾರ ಮೊಹರು ಹಾಕುತ್ತಾನೆ? ಹೊಲದವರಿಗೆ ಶೇಕಡಾ ಹನ್ನೆರಡೂವರೆಯಾದರೂ ಸಿಕ್ಕಿತು. ನೀರಿನವರ ಲೆಕ್ಕ ಪೂರ್ತಿ ಬರೆದವರನ್ನು ನಾನು ಕಂಡಿಲ್ಲ. ಠಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳು ಅಷ್ಟು ಹೊತ್ತಿಗೆ ತಮ್ಮ ಪಾಲಿನ ನೀರನ್ನೂ ಖಾಡಿಗೆ ಬಿಡತೊಡಗಿದ್ದವು. ಇವತ್ತು ಸೆಕ್ಟರುಗಳ ನಡುವೆ ಹುಡುಕಿದರೆ ಸಾರ್ಸೋಳೆ, ಜುಹೂಗಾಂವ್, ದಿವಾಳೆ, ಕರಾವೆ ಎಂಬ ಹಳೇ ಹೆಸರುಗಳು ಸಿಗುತ್ತವೆ. ಸೆಕ್ಟರಿನ ರಸ್ತೆ ನೇರ, ಗಾಂವ್‌ನ ಓಣಿ ವಕ್ರ, ಓಣಿಯ ಕೊನೆಯಲ್ಲಿ ಒಂದು ಧಕ್ಕೆ, ನಾಲ್ಕು ದೋಣಿ. ಠಾಣೆ ಸ್ಟೇಷನ್ನಿನಿಂದ ಕೂಗಳತೆಯಲ್ಲಿರುವ ಚೆಂದಣಿ ಕೋಲಿವಾಡದ ಕಥೆಯೂ ಇದೇ. ದಿನಾ ಅದರ ಪಕ್ಕದಲ್ಲೇ ಲಕ್ಷಾಂತರ ಜನ ಓಡಾಡುತ್ತಾರೆ, ಅದು ಎಲ್ಲಿದೆ ಎಂದು ಕೇಳಿದರೆ ಗೂಗಲ್ ನೋಡುತ್ತಾರೆ.

ಐರೋಲಿಯಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ವಿಭಾಗದವರು 2017ರಲ್ಲಿ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ ಎಂದು ಒಂದನ್ನು ತೆರೆದಿದ್ದಾರೆ. ಹೆಸರು ಉದ್ದ, ಜಾಗ ಚೆಂದ. ಒಳಗೆ ಖಾಡಿಯ ಪ್ರಾಣಿಪಕ್ಷಿಗಳ ಪ್ರದರ್ಶನ. ಹೊರಗೆ ಕಾಂಡ್ಲಾ ಗಿಡಗಳ ನಡುವೆ ನಡೆದಾಡುವ ದಾರಿ. ನೀರು ತುಂಬಿದ ಹೊತ್ತಿಗೆ ದೋಣಿ. ಇಲ್ಲಿಯೂ ಗಡಿಯಾರ ತಿಥಿಯದೇ. ಇಂದು ಹನ್ನೊಂದಕ್ಕೆ ದೋಣಿ ಬಿಟ್ಟಿತೆಂದು ನಾಳೆಯೂ ಹನ್ನೊಂದಕ್ಕೆ ಬಂದವನು ದಡದಲ್ಲಿ ಕಾಯಬೇಕು. ಸರಕಾರಿ ಕಚೇರಿಯೊಂದು ಚಂದ್ರನ ಹೇಳಿಕೆಯ ಮೇಲೆ ನಡೆಯುವುದನ್ನು ನಾನು ಕಂಡದ್ದು ಇಲ್ಲೇ.

ನಾನು ಅಂದುಕೊಂಡದ್ದು, ಭಾವ ಈ ಕೆಸರು ನೋಡಿ ಮೂಗು ಮುರಿಯುತ್ತಾರೆ ಎಂದು. ಮಲ್ಪೆ, ಮರವಂತೆಗಳ ತೆರೆ ನೋಡಿದವರಿಗೆ ಇದೆಂಥ ಕಡಲು? ತೆರೆಯಿಲ್ಲ, ಮರಳಿಲ್ಲ, ಬಣ್ಣ ಕಾಫಿಯದು, ವಾಸನೆ ಹೇಳಬಾರದ್ದು. ಭಾವ ಬೇಲಿಗೆ ಆತು ನಿಂತು ಒಂದು ದೊಡ್ಡ ಉಸಿರೆಳೆದುಕೊಂಡರು. "ನಮ್ ಹೊಳಿಯೇ ಮರ್ರೆ!" ಅಂದರು. ಗಂಗೊಳ್ಳಿಯೂ ಬರಿಯ ಕಡಲಲ್ಲ ನೋಡಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಸೇರುವ ಪಂಚಗಂಗಾವಳಿಯ ಬಾಯಿ. ಅಲ್ಲಿಯೂ ಉಪ್ಪುನೀರು ಸಿಹಿನೀರಿನ ಜಗಳ, ಅಲ್ಲಿಯೂ ಕಾಂಡ್ಲಾ. ಆ ಮಾತಿನಿಂದ ಮುಂದೆ ಗೈಡ್ ನಾನಲ್ಲ. ಆ ದಾರಿಯಲ್ಲಿ ನೆಟ್ಟ ಹಲಗೆಗಳನ್ನು ನಾನು ಓದುತ್ತಿದ್ದೆ, ಭಾವ ಕೆಸರನ್ನು ಓದುತ್ತಿದ್ದರು.

ಕಾಂಡ್ಲಾ ಎಂದು ಒಟ್ಟಾಗಿ ಕರೆದರೂ ಅದರಲ್ಲಿ ಜಾತಿ ಹಲವು. ಈ ಖಾಡಿಯಲ್ಲಿ ಹೆಚ್ಚು ಕಾಣುವುದು ಮರಾಠಿಯವರು ತಿವರ್ ಎನ್ನುವ ಗಿಡ. ಉಪ್ಪುನೀರು ಕುಡಿದು, ಹೆಚ್ಚಾದ ಉಪ್ಪನ್ನು ಎಲೆಯ ಮೇಲೆ ಬೆವರುತ್ತದೆ. ಬಿಸಿಲಲ್ಲಿ ಎಲೆ ನೆಕ್ಕಿದರೆ ಉಪ್ಪೇ. (ನೆಕ್ಕಿದ್ದು ಭಾವ. ನಾನು ಅವರ ಮಾತು ನಂಬಿದೆ.) ಕೆಸರಿನೊಳಗೆ ಗಾಳಿ ಇಲ್ಲವಲ್ಲ, ಅದಕ್ಕೆ ಬೇರುಗಳು ಕೆಳಗಿನಿಂದ ಮೇಲಕ್ಕೆ ಕಡ್ಡಿಕಡ್ಡಿಯಾಗಿ ಎದ್ದು ನಿಂತು ಉಸಿರಾಡುತ್ತವೆ. ಮಳೆಗಾಲದ ಕೊನೆಗೆ ಒಂದು ಜಾತಿಯ ಪತಂಗದ ಹುಳುಗಳು ಬಂದು ಈ ಗಿಡಗಳ ಎಲೆಯನ್ನೆಲ್ಲ ತಿಂದು ಬೋಳಿಸುವುದುಂಟು. ಯಾರೋ ವಿಷ ಹಾಕಿದರು ಎಂದು ಸೊಸೈಟಿಯ ವಾಟ್ಸಾಪ್ ಗುಂಪುಗಳಲ್ಲಿ ಗದ್ದಲ. ಸ್ವಲ್ಪ ದಿನ ಬಿಟ್ಟರೆ ಗಿಡ ಸುಮ್ಮನೆ ಚಿಗುರಿ ನಿಂತಿರುತ್ತದೆ. ಇನ್ನೊಂದು, ಬಿಳಿ ಚಿಪ್ಪಿ ಎಂಬುದು, ರಾತ್ರಿ ಅರಳುವ ಬಿಳಿ ಹೂವಿನದು. 2020ರಲ್ಲಿ ಮಹಾರಾಷ್ಟ್ರ ಅದನ್ನು ರಾಜ್ಯದ ಕಾಂಡ್ಲಾ ಮರ ಎಂದು ಘೋಷಿಸಿತು. ಪ್ರಾಣಿ, ಪಕ್ಷಿ, ಹೂವು, ಚಿಟ್ಟೆಗಳಿಗೆಲ್ಲ ರಾಜ್ಯದ ಪಟ್ಟ ಹಂಚಿ ಆಗಿತ್ತು, ಕೆಸರಿಗೂ ಒಂದು ಸಿಕ್ಕಿತು. ಪಟ್ಟಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು 2005ರಲ್ಲಿ ಬಾಂಬೆ ಹೈಕೋರ್ಟು ಕಾಂಡ್ಲಾ ಕಡಿಯಬಾರದೆಂದು ಕೊಟ್ಟ ಆದೇಶ ಎಂಬುದು ನನ್ನ ಅಭಿಪ್ರಾಯ. ಹೂವು ನೋಡಿ ಬಿಲ್ಡರ್ ಹೆದರುವುದಿಲ್ಲ.

ದೋಣಿ ಹೊರಟಿತು. ಆಚೆ ಐರೋಲಿ ಸೇತುವೆ, ನೀರೊಳಗೆ ಕಾಲೂರಿ ನಿಂತ ಕರೆಂಟಿನ ಗೋಪುರಗಳು, ಅವುಗಳ ಕೆಳಗೆ ಗುಲಾಬಿ ಬಣ್ಣದ ಒಂದು ಗೆರೆ. ಫ್ಲೆಮಿಂಗೊ! 2015ರಲ್ಲಿ ಇಲ್ಲಿಯ 1,690 ಹೆಕ್ಟೇರನ್ನು ಅವುಗಳ ಹೆಸರಿನಲ್ಲೇ ಅಭಯಾರಣ್ಯ ಮಾಡಿದರು, 2022ರಲ್ಲಿ ಅದು ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನವೆಂಬರ್ ಆಸುಪಾಸಿನಲ್ಲಿ ಕಚ್ಛ್, ಗುಜರಾತ್ ಕಡೆಯಿಂದ ಬಂದು ಮಳೆ ಶುರುವಾಗುವ ಮೊದಲು ತಿರುಗಿ ಹೋಗುತ್ತವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಎಣಿಕೆಯಲ್ಲಿ ಲಕ್ಷ ದಾಟಿದ್ದೂ ಉಂಟು. ಅವರು 2022ರಲ್ಲಿ ಕೆಲವು ಹಕ್ಕಿಗಳಿಗೆ ಜಿಪಿಎಸ್ ಕಟ್ಟಿದರು. ಅದರಲ್ಲೊಂದಕ್ಕೆ ಹುಮಾಯೂನ್ ಎಂದು ಹೆಸರು, ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ ಅವರ ನೆನಪಿಗೆ. ಆ ಹುಮಾಯೂನ್ ಇಲ್ಲಿಂದ ಎದ್ದು ಭಾವನಗರಕ್ಕೆ ಹೋದ. ರಿಸರ್ವೇಶನ್ ಬೇಡ, ತತ್ಕಾಲ್ ಬೇಡ.

ಈ ಹಕ್ಕಿ ದೊಡ್ಡ ಸಂಖ್ಯೆಯಲ್ಲಿ ಮುಂಬಯಿಗೆ ಬರತೊಡಗಿದ್ದು 1990ರ ದಶಕದಿಂದ. ಯಾಕೆ ಬಂತು? ಬಲ್ಲವರು ಕೊಡುವ ವಿವರಣೆಯೊಂದನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಮ್ಮ ಪೇಟೆಗಳ ಕೊಳಚೆಯಿಂದ ಖಾಡಿಯಲ್ಲಿ ಪಾಚಿ ಬೆಳೆಯಿತು. ಸಣ್ಣ ಜಾತಿಯ ಫ್ಲೆಮಿಂಗೊ ಕೊಕ್ಕು ತಲೆಕೆಳಗು ಮಾಡಿ ಸೋಸಿ ತಿನ್ನುವುದು ಆ ಪಾಚಿಯನ್ನೇ. ಆ ಪಾಚಿಯಿಂದಲೇ ಅದಕ್ಕೆ ಗುಲಾಬಿ ಬಣ್ಣ. ಅಂದರೆ ನಾವು ಫ್ಲಶ್ ಮಾಡಿದ್ದು ಮುಂದೆ ಹೋಗಿ ಸೌಂದರ್ಯವಾಯಿತು! ಅದೇ ಕೊಳಚೆ ಮೀನಿಗೆ ಆಗಿ ಬರಲಿಲ್ಲ. ನವಿ ಮುಂಬಯಿ ಈಗ ಫ್ಲೆಮಿಂಗೊ ಸಿಟಿ ಎಂದು ಬೀಗುತ್ತದೆ, ಕೋಲಿಯವರ ಬಲೆ ಹಗುರವಾಯಿತು. ಇನ್ನು ಗುಲಾಬಿ ಬಣ್ಣದ ವಿಷಯಕ್ಕೆ ಬಂದರೆ ನಮ್ಮ ಡೊಂಬಿವಲಿಯೂ ಹಿಂದೆ ಬಿದ್ದಿಲ್ಲ. 2020ರ ಫೆಬ್ರವರಿಯಲ್ಲಿ ನಮ್ಮ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಸ್ತೆಯೇ ರಾಸಾಯನಿಕ ಬಿದ್ದು ಗುಲಾಬಿಯಾಗಿತ್ತು. ನೋಡಲು ಮುಖ್ಯಮಂತ್ರಿಯೇ ಬಂದರು. ಹಕ್ಕಿ ಒಂದೂ ಬರಲಿಲ್ಲ.

ನೀರು ಏರಿ ಕೆಸರು ಮುಳುಗತೊಡಗಿದಾಗ ಹಕ್ಕಿಗಳು ಗುಂಪಾಗಿ ಎದ್ದು ನೆರೂಲ್, ಸೀವುಡ್ಸ್ ಕಡೆಯ ಕೆರೆಗಳಿಗೆ ಹೋದವು. ಉಬ್ಬರದ ಹೊತ್ತಿಗೆ ಅವುಗಳ ವಿಶ್ರಾಂತಿ ಅಲ್ಲಿ. ಹೀಗೆ ಹಾರುವ ಜೀವಗಳಿಗೂ ಈ ಊರಲ್ಲಿ ಟ್ರಾಫಿಕ್ ತಪ್ಪಿದ್ದಲ್ಲ. 2024ರ ಮೇ ತಿಂಗಳ ಒಂದು ರಾತ್ರಿ ದುಬೈಯಿಂದ ಇಳಿಯುತ್ತಿದ್ದ ವಿಮಾನಕ್ಕೆ ಘಾಟ್ಕೋಪರ್ ಮೇಲೆ ಒಂದು ಗುಂಪು ಸಿಕ್ಕಿ 39 ಫ್ಲೆಮಿಂಗೊಗಳು ಸತ್ತುಬಿದ್ದವು.

ಭಾವನಿಗೆ ಫ್ಲೆಮಿಂಗೊ ಹಿಡಿಸಲಿಲ್ಲ. "ಕಾಲ್ ಮಾತ್ರ ಉದ್ದ," ಎಂದು ಬಿಟ್ಟರು. ಅವರ ಕಣ್ಣು ಹೋದದ್ದು ನೀರಲ್ಲಿ ನೆಟ್ಟ ಕಂಬಗಳ ಮೇಲೆ. ದೋಣಿಯವನನ್ನು ತಮ್ಮ ಹಿಂದಿಯಲ್ಲಿ ವಿಚಾರಿಸಿದರು. ಅದು ಡೋಲ್ ಬಲೆಯ ಕಥೆ: ಬಾಯಿ ಅಗಲ, ಹಿಂದೆ ಹೋಗುತ್ತ ಕಿರಿದಾದ ಚೀಲದ ಬಲೆ. ಅದನ್ನು ಎಳೆಯುವುದಿಲ್ಲ, ಬೀಸುವುದಿಲ್ಲ. ನೀರಿನ ಸೆಳೆತಕ್ಕೆ ಎದುರಾಗಿ ಗೂಟಗಳಿಗೆ ಕಟ್ಟಿಬಿಡುವುದು. ಬಲೆ ನಿಂತಿರುತ್ತದೆ, ಕಡಲು ನಡೆಯುತ್ತದೆ. ನೀರು ತಿರುಗುವ ಮೊದಲು ಹೋಗಿ ಚೀಲದ ಬಾಲ ಬಿಚ್ಚಿದರೆ ಆಯಿತು. ಮುಂಬಯಿಯ ಬೊಂಬಿಲ್ ಮೀನು ಹೆಚ್ಚಾಗಿ ಸಿಗುವುದು ಇಂಥ ಬಲೆಯಲ್ಲೇ. ಭಾವ ತಾವು ಹುಡುಗರಾಗಿದ್ದಾಗಿನ ರಂಪಣಿ ಬಲೆಯ ಸುದ್ದಿ ತೆಗೆದರು: ಇಡೀ ಕೇರಿಯವರು ಎರಡು ಸಾಲಾಗಿ ದಡದಲ್ಲಿ ನಿಂತು ಹಗ್ಗ ಎಳೆಯುವುದು, ಎಳೆದವರಿಗೆಲ್ಲ ಪಾಲು, ಎಳೆಯದೆ ನಿಂತು ನೋಡಿದ ಮುದುಕರಿಗೂ ಒಂದು ಮುಷ್ಟಿ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಹೊರಗಡೆ ಸುತ್ತುಗಟ್ಟಿ ಎತ್ತಿದವು, ರಂಪಣಿ ಮೂಲೆಗೆ ಬಿತ್ತು. ಇಷ್ಟು ಹೇಳಿ ಭಾವ ಸುಮ್ಮನಾದರು. ಅವರ ಬೋಟೂ ಪರ್ಸೀನೇ. ಆ ಮಾತು ನಾನು ಎತ್ತಲಿಲ್ಲ, ನೆಂಟಸ್ತಿಕೆ ಉಳಿಯಬೇಕಲ್ಲ. ದೋಣಿಯವನೂ ಅವರೂ ಒಪ್ಪಿಕೊಂಡ ಸಂಗತಿ ಒಂದೇ: ಜೂನ್ ಜುಲೈ ಎರಡು ತಿಂಗಳು ಬಲೆ ಮುಟ್ಟಬಾರದು, ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಡದೆ ಇಳಿಯಬಾರದು. ಅವನದು ನಾರಳಿ ಪೌರ್ಣಿಮೆ, ಇವರದು ಸಮುದ್ರಪೂಜೆ. ಕಾಯಿ ಇಬ್ಬರದೂ ತುಟ್ಟಿ.

ಇಳಿದು ದಿವಾ ಗಾಂವ್ ದಾರಿಯಾಗಿ ಬಂದೆವು. ಇದು ಐರೋಲಿಯ ದಿವಾ. ರೈಲಿನ ದಿವಾ ಬೇರೆ. ಇದನ್ನು ಹೇಳದಿದ್ದರೆ ನೀವು ಹೋಗಿ ಇನ್ನೆಲ್ಲೋ ಇಳಿದು ನನ್ನನ್ನು ಬೈಯುತ್ತೀರಿ. ಓಣಿಯಲ್ಲಿ ಒಬ್ಬ ಮಾವಶಿ ಸಂಕಷ್ಟಿಯ ಬೇಸರದಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಬದಿಗೆ ದಾರ ಕಟ್ಟಿದ ಏಡಿ. ಇನ್ನೊಂದು ಬದಿಗೆ ಕೆಸರಿನ ಬಣ್ಣದ, ತಲೆಯ ನೆತ್ತಿಯಲ್ಲಿ ಕಣ್ಣಿಟ್ಟುಕೊಂಡ ಪುಟ್ಟ ಮೀನುಗಳು ಪಟಪಟ ಹಾರುತ್ತಿದ್ದವು. ನಿವಟಿ. ಬೆಳಿಗ್ಗೆ ಕೆಸರಿನ ಮೇಲೆ ರೆಕ್ಕೆಯೂರಿ ತೆವಳುತ್ತ, ಗಂಡುಗಳು ಬೆನ್ನಿನ ರೆಕ್ಕೆ ಬಿಚ್ಚಿ ನೆಗೆಯುತ್ತ ನಮಗೆ ಕಂಡವು ಇವೇ. ನೀರು ಬಿಟ್ಟೂ ಬದುಕುವ ಮೀನು. ಮೈ ಒದ್ದೆ ಇದ್ದರೆ ಚರ್ಮದಿಂದಲೇ ಉಸಿರಾಡುತ್ತದೆ, ಕಿವಿರಿನಲ್ಲಿ ಒಂದು ಗುಟುಕು ನೀರು ಇಟ್ಟುಕೊಂಡು ತಿರುಗುತ್ತದೆ. ಮಾವಶಿಯದು ತೂಕದ ವ್ಯಾಪಾರವಲ್ಲ, ವಾಟಾ. ಗುಡ್ಡೆ ಹಾಕಿಟ್ಟದ್ದನ್ನು ಇಡಿಯಾಗಿ ತಗೋ, ಇಲ್ಲವೇ ದಾರಿ ಹಿಡಿ. ಭಾವ ಅರ್ಧ ಗುಡ್ಡೆ ಕೇಳಿದರು. ಅವಳು ಮುಖ ತಿರುಗಿಸಿದಳು. ಭಾವ ನಡೆದರು, ಅವಳು ಕರೆಯಲಿಲ್ಲ. ಭಾವ ತಿರುಗಿ ಬಂದರು. ಅವಳು ಎರಡು ಗುಡ್ಡೆಗೆ ಒಂದೂವರೆಯ ದುಡ್ಡು ಹೇಳಿದಳು. ಭಾವ ಬಗ್ಗಿ ಒಂದನ್ನು ಎತ್ತಿ ನೋಡಿ, ಹೆಬ್ಬೆರಳಿನಿಂದ ಹೊಟ್ಟೆ ಒತ್ತಿ, ಏನೂ ಹೇಳದೆ ದುಡ್ಡು ಎಣಿಸಿದರು. ಇಬ್ಬರ ನಡುವೆ ಭಾಷೆ ಒಂದೂ ಇರಲಿಲ್ಲ, ವ್ಯಾಪಾರ ಚೊಕ್ಕವಾಗಿ ಆಯಿತು. ಡಬ್ಬ ಹೊರಬಂತು.

"ಇವತ್ತು ಮನೆಗೆ ತರುವ ಹಾಗಿಲ್ಲವಲ್ಲ ಭಾವ," ಎಂದೆ.

"ಇವತ್ ತಿಂಬುಕಲ್ಲ ಮರ್ರೆ, ನಾಳಿಗೆ. ಜೀವ ಇತ್ತಲ್ದಾ, ಹಾಳಾತಿಲ್ಲೆ."

ಈ ತರ್ಕಕ್ಕೆ ನನ್ನ ಹೆಂಡತಿಯ ಹತ್ತಿರ ಉತ್ತರ ಇರಲಿಲ್ಲ. ಕೊಂದ ಮೀನು ಮನೆಗೆ ತರಬಾರದು ಎಂದು ವ್ರತದಲ್ಲಿದೆ. ಜೀವಂತ ಅತಿಥಿಗಳ ಬಗ್ಗೆ ಏನೂ ಹೇಳಿಲ್ಲ. ನಿವಟಿಗಳು ಬಚ್ಚಲಿನ ಬಕೆಟ್ಟಿಗೆ ಹೋದವು. ರಾತ್ರಿ ಚಂದ್ರ ನೋಡಿ, ಮೋದಕ ತಿಂದು ನಾವೆಲ್ಲ ಮಲಗಿದೆವು. ಬೆಳಗಿನ ಜಾವ ಕಿರುಚಿಕೊಂಡದ್ದು ಯಾರೆಂದರೆ ನಮ್ಮ ಮಗ. ಒಂದು ನಿವಟಿ ಬಕೆಟ್ಟಿನಿಂದ ನೆಗೆದು ಒದ್ದೆ ಟೈಲ್ಸಿನ ಮೇಲೆ ಅವನ ಚಪ್ಪಲಿಯ ತನಕ ಬಂದು ಕೂತಿತ್ತು, ಇನ್ನೊಂದು ಮೋರಿಯ ಜಾಲರಿಯ ಮೇಲೆ. ಸದ್ದಿಗೆ ಕೆಳಗಿನ ಮನೆಯ ಆಗ್ರಿ ಅಜ್ಜಿ ಮೆಟ್ಟಿಲು ಹತ್ತಿ ಬಂದಳು, ಬಕೆಟ್ಟಿಗೆ ಇಣುಕಿದಳು, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ನಿವಟಿಗೆ ಮಾವಿನಕಾಯಿ ಹೋಳು ಬೇಕೇ ಬೇಕು, ಬೆಳ್ಳುಳ್ಳಿ ಜಜ್ಜಿ ಹಾಕಬೇಕು, ತೆಂಗಿನಕಾಯಿ ಮುಟ್ಟಬಾರದು ಎಂದಳು. ಭಾವ, ಕಾಯಿ ಅರೆಯದ ಮೀನಿನ ಸಾರು ಸಾರೇ ಅಲ್ಲ, ಹುಳಿಗೆ ಹುಣಸೆಯೇ ಎಂದರು. ನನ್ನ ಹೆಂಡತಿ ನಡುವೆ ನಿಂತು ಅವಳಿಗೆ ಮರಾಠಿಯಲ್ಲೂ ಇವರಿಗೆ ಕುಂದಾಪ್ರ ಕನ್ನಡದಲ್ಲೂ ಹೇಳುತ್ತ ಹೇಳುತ್ತ ಯಾರ ಪಕ್ಷ ಎಂಬುದನ್ನೇ ಮರೆತಳು. ಕೊನೆಗೆ ಎರಡು ಪಾತ್ರೆ ಇಟ್ಟರು. ಅಜ್ಜಿಯದು ಮೊದಲು ಖಾಲಿಯಾಯಿತು. ಆದರೆ ಅದರಲ್ಲಿ ಮೀನು ಕಡಿಮೆ ಹಾಕಿದ್ದರು ಎಂಬುದು ಭಾವನ ವಾದ, ಊರಿಗೆ ಹೋದ ಮೇಲೂ ಫೋನಿನಲ್ಲಿ ಅದನ್ನೇ ನಡೆಸಿದ್ದಾರೆ.